ಐದು ಲಕ್ಷದ ಕಾರ್ಡಿಗೆ ಡಾಕ್ಟರೊಬ್ಬರು ಬೇಕಾಗಿದ್ದಾರೆ

ಅಮ್ಮನ ಆಯುಷ್ಮಾನ್ ವಯ ವಂದನಾ ಕಾರ್ಡು ಮಾಡಿಸಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅವರಿಗೀಗ 72 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಇಂಥವರಿಗೆ ಹೊಸದಾಗಿ ಖಾಸಗಿ ಪಾಲಿಸಿ ಕೇಳಿದರೆ ಏಜೆಂಟರು ಫೋನಿನಲ್ಲೇ ನಿಟ್ಟುಸಿರು ಬಿಡುತ್ತಾರೆ. ನನ್ನ ಕಂಪನಿ ತನ್ನ ಗ್ರೂಪ್ ಪಾಲಿಸಿಯಿಂದ ನೌಕರರ ತಂದೆತಾಯಿಯರನ್ನು ಕೈಬಿಟ್ಟು ಎರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಹಿರಿಯೂರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಪುಣೆಗೆ ಕರೆತಂದಿದ್ದೆ. ಆಧಾರ್ ವಿಳಾಸವನ್ನೂ ಇಲ್ಲಿಗೇ ಬದಲಾಯಿಸಿದ್ದೆ. ಅಷ್ಟರಲ್ಲಿ, 2024ರ ಅಕ್ಟೋಬರ್ 29ರಂದು, ಕೇಂದ್ರ ಸರ್ಕಾರ 70 ತುಂಬಿದ ಎಲ್ಲರಿಗೂ ಆದಾಯ ಕೇಳದೆ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು. ಆಪ್‌ನಲ್ಲಿ ಆಧಾರ್ ಸಂಖ್ಯೆ, ಒಂದು ಒಟಿಪಿ, ಒಂದು ಫೋಟೊ. ವರ್ಷಕ್ಕೆ 5 ಲಕ್ಷ ರೂಪಾಯಿ, ಮೊದಲಿನಿಂದ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಕಾರ್ಡಿನ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ದೇವರ ಮನೆಯ ಗೂಡಿನಲ್ಲಿಟ್ಟೆವು. ಅಮ್ಮ ಅದಕ್ಕೊಂದು ಕುಂಕುಮದ ಬೊಟ್ಟನ್ನೂ ಇಟ್ಟರು.

ಮುಂದಿನ ಶನಿವಾರ ಆ ಕಾರ್ಡು ಹಿಡಿದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ತಿಂಗಳ ಮಾತ್ರೆ ಬರೆಸಬೇಕಿತ್ತು, ಕಾಲು ಊದಿಕೊಳ್ಳುತ್ತಿದ್ದುದನ್ನು ತೋರಿಸಬೇಕಿತ್ತು. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ ವಿನಯದಿಂದಲೇ ವಾಪಸ್ ಕೊಟ್ಟಳು. ‘ಇದು ಅಡ್ಮಿಟ್ ಆಗುವವರಿಗೆ ಸರ್, ಇಲ್ಲಿ ನಡೆಯುವುದಿಲ್ಲ.’ ಎರಡನೆಯ ಕ್ಲಿನಿಕ್ಕಿನಲ್ಲೂ ಅದೇ ಮಾತು. ಮೂರನೆಯದು ಯೋಜನೆಗೆ ಸೇರಿದ ಆಸ್ಪತ್ರೆಯೇ, ಹೊರಗೆ ದೊಡ್ಡ ಫಲಕವೂ ಇತ್ತು. ಅಲ್ಲಿ ಕೂತಿದ್ದ ಆರೋಗ್ಯ ಮಿತ್ರ ಮಾತ್ರ ಪೂರ್ತಿ ವಿವರಿಸಿದರು: ಡಯಾಲಿಸಿಸ್, ಕಿಮೊಥೆರಪಿಯಂಥ ಕೆಲವು ಹಗಲು ಚಿಕಿತ್ಸೆಗಳನ್ನು ಬಿಟ್ಟರೆ ಈ ಕಾರ್ಡಿಗೆ ಹಾಸಿಗೆ ಬೇಕು. ಸುಮ್ಮನೆ ಬಂದು ಡಾಕ್ಟರಿಗೆ ತೋರಿಸಿ ಹೋಗುವುದು ಇದರಲ್ಲಿಲ್ಲ.

ಎಂ.ಟೆಕ್ ಓದಿದವನು, ಇಡೀ ದಿನ ಇನ್ನೊಬ್ಬರು ಬರೆದ ಷರತ್ತುಗಳನ್ನು ಓದಿಯೇ ಹೊಟ್ಟೆ ಹೊರೆಯುವವನು, ಅಮ್ಮನ ಕಾರ್ಡಿನ ಷರತ್ತನ್ನು ಓದಿರಲಿಲ್ಲ. ಅದು ಎಲ್ಲೂ ಗುಟ್ಟಾಗಿ ಇರಲಿಲ್ಲ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಈ ಯೋಜನೆ ಶುರುವಾದ ದಿನದಿಂದಲೂ ಅದು ಆಸ್ಪತ್ರೆ ಸೇರಿದವರ ಯೋಜನೆ. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧ, ತಪಾಸಣೆಯ ವೆಚ್ಚ ಅದರಲ್ಲಿ ಸೇರಿರುತ್ತದೆ. ಹದಿನಾರನೆಯ ದಿನದಿಂದ ನಮ್ಮ ದಾರಿ ನಮಗೆ.

ನಮ್ಮ ಕಂಪನಿಗಳು ಕೊಡುವ ಪಾಲಿಸಿಯೂ ಬೇರೆಯಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. 24 ಗಂಟೆ ದಾಖಲಾದರೆ ಲಕ್ಷಗಟ್ಟಲೆ, ಜ್ವರಕ್ಕೆ ತೋರಿಸಿದರೆ ಸೊನ್ನೆ. ಹೆಚ್ಚಿನ ಕಂತು ಕಟ್ಟಿ ಒಪಿಡಿ ಸೌಲಭ್ಯ ಸೇರಿಸಿಕೊಂಡವರ ಮಾತು ಬೇರೆ. ಆದರೆ ನಮ್ಮ ಕೈಯಲ್ಲಿ ಸಂಬಳ ಇರುತ್ತದೆ. ಐನೂರು ಕೊಟ್ಟು ತೋರಿಸಿಕೊಂಡು ಮರೆತುಬಿಡುತ್ತೇವೆ. ಹಾಗಾಗಿ ಈ ಕೊರತೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನನಗೂ ಬಿದ್ದಿರಲಿಲ್ಲ.

ಊರಿನಲ್ಲಿದ್ದಾಗ ಡಾಕ್ಟರನ್ನು ‘ಹುಡುಕುವ’ ಪ್ರಶ್ನೆಯೇ ಇರಲಿಲ್ಲ. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬರು ಇದ್ದರು. ನನ್ನ ಅಜ್ಜನ ಅಸ್ತಮಾ, ಅಪ್ಪನ ಬೀಡಿ, ನನಗೆ ಪೆನಿಸಿಲಿನ್ ಆಗಿಬರುವುದಿಲ್ಲ ಎಂಬುದು, ಎಲ್ಲವೂ ಅವರ ತಲೆಯಲ್ಲೇ ಇತ್ತು. ಫೈಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೊರನಾಡಿಗೆ ಬಂದ ನಾವು ಡಾಕ್ಟರನ್ನು ಆರಿಸುವುದು ಹೋಟೆಲನ್ನು ಆರಿಸಿದ ಹಾಗೆ: ಮೊಬೈಲಿನಲ್ಲಿ ಎಷ್ಟು ನಕ್ಷತ್ರ, ಎಷ್ಟು ಕಿಲೋಮೀಟರು, ಪಾರ್ಕಿಂಗ್ ಇದೆಯೇ. ಕೆಮ್ಮಿಗೆ ಒಬ್ಬರು, ಬೆನ್ನುನೋವಿಗೆ ಇನ್ನೊಬ್ಬರು, ಮನೆ ಬದಲಾಯಿಸಿದರೆ ಮತ್ತೊಬ್ಬರು. ನಮ್ಮ ವಯಸ್ಸಿಗೆ ಇದು ನಡೆದುಹೋಗುತ್ತದೆ. ನಮ್ಮ ಅಪ್ಪ ಅಮ್ಮ ಬಂದು ಸೇರಿದಾಗ ನಡೆಯುವುದಿಲ್ಲ.

ನಡೆಯಲಿಲ್ಲ. ಕಳೆದ ಜೂನ್‌ನಲ್ಲಿ, ಬೆಳಿಗ್ಗೆ ಆರರ ಹೊತ್ತಿಗೆ, ಅಮ್ಮ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೆಳಗಿನ ಕಾವಲುಗಾರ ಓಡಿ ಬಂದು, ಬಾಗಿಲ ಹಲಗೆಯನ್ನೇ ಸ್ಟ್ರೆಚರಿನಂತೆ ಹಿಡಿದು ಇಳಿಸಿಕೊಟ್ಟರು. ಇಲ್ಲಿ ಕಾರ್ಡು ತನ್ನ ಮಾತನ್ನು ಉಳಿಸಿಕೊಂಡಿತು. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಅಮ್ಮನ ಬೆರಳಚ್ಚು ತೆಗೆದುಕೊಂಡರು, ಮರುದಿನ ಅನುಮತಿ ಬಂತು, ಶಸ್ತ್ರಚಿಕಿತ್ಸೆಯಾಯಿತು. ನನ್ನ ಕೈಯಿಂದ ಬಿಲ್ಲಿಗೆ ಒಂದು ರೂಪಾಯಿಯೂ ಹೋಗಲಿಲ್ಲ. ಸರ್ಕಾರಿ ಯೋಜನೆ ಎಂದರೆ ಮೂಗು ಮುರಿಯುವ ನನ್ನ ಗೆಳೆಯರಿಗೆ ಈ ಮಾತನ್ನು ಒತ್ತಿ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಷ್ಟೇ ಇತ್ತು: ಬಿಪಿ, ಸಕ್ಕರೆಯ ಹಳೆಯ ಮಾತ್ರೆಗಳನ್ನು ಮುಂದುವರಿಸಿ.

ಹಲಗೆ ಹಿಡಿದ ಆ ಕಾವಲುಗಾರ ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವರು. ಪುಣೆ, ಮುಂಬೈಗಳಲ್ಲಿ ಇರುವವರಿಗೆ ಗೊತ್ತು, ನಮ್ಮ ಗೇಟುಗಳನ್ನು ಕಾಯುವವರಲ್ಲಿ, ನಮ್ಮ ಕಟ್ಟಡಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟು ಜನ ಎಂದು. ಅಮ್ಮನಿಗೂ ಅವರಿಗೂ ಮೊದಲಿನಿಂದ ಮಾತುಕತೆ ಇತ್ತು. ಅಮ್ಮ ಮನೆಗೆ ಬಂದ ಮೇಲೆ ಒಂದು ಸಂಜೆ ನೋಡಿಹೋಗಲು ಬಂದರು. ಆಸ್ಪತ್ರೆಯ ಖರ್ಚಿನ ಮಾತು ಬಂತು. ‘ನಿಮ್ದು ಕಾರ್ಡಿನ್ಯಾಗ ಆತು, ಛಲೋ ಆತ್ರಿ ಸರ’ ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಹಿಂದಿನ ವರ್ಷ ಊರಿನಲ್ಲಿ ಹೆಂಡತಿಗೆ ಟೈಫಾಯ್ಡ್ ಬಿಗಡಾಯಿಸಿ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರಂತೆ. ನಲವತ್ತು ಸಾವಿರ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಸಲು ಇನ್ನೂ ಹಾಗೇ ಇದೆ.

ಏನಾದರೂ ಕಾರ್ಡು ಮಾಡಿಸಬಹುದೇ ನೋಡೋಣ ಎಂದು ಅವರ ಸಂಬಳದ ಚೀಟಿ ಕೇಳಿದೆ. ಏಜೆನ್ಸಿಯವರು ವಾಟ್ಸ್ಯಾಪಿಗೆ ಕಳಿಸುವ ಒಂದು ಪಿಡಿಎಫ್. ಸಂಬಳ 18,000. ಕಡಿತದ ಕಡೆ ಪಿಎಫ್, ಅದರ ಕೆಳಗೆ ಮೂರು ಅಕ್ಷರ ಮತ್ತು ಒಂದು ಅಂಕಿ: ಇಎಸ್‌ಐ, 135.

‘ಇದು ಏನಂತ ಗೊತ್ತೇ?’ ಎಂದು ಕೇಳಿದೆ.

‘ತಿಂಗಳಾ ಕಟ್ ಆಗ್ತದರಿ. ಏನಂತ ನಾ ಕೇಳಿಲ್ಲ. ಪಿಎಫ್ ಇದ್ದಂಗ, ಕೆಲಸ ಬಿಡೂ ಮುಂದ ಬರ್ತದ ಅಂತ ಯಾರೋ ಅಂದಿದ್ರು.’

ನಾಲ್ಕು ವರ್ಷದಿಂದ ಆ 135 ರೂಪಾಯಿ ಹೋಗುತ್ತಿತ್ತು. ಅದರ ಜೊತೆಗೆ ಏಜೆನ್ಸಿಯ ಪಾಲು 585. ಒಟ್ಟು ತಿಂಗಳಿಗೆ 720, ವರ್ಷಕ್ಕೆ 8,640 ರೂಪಾಯಿ. ನಮ್ಮಲ್ಲಿ ಅನೇಕರು ಕುಟುಂಬಕ್ಕೆಂದು ತೆಗೆದುಕೊಳ್ಳುವ ಟಾಪ್-ಅಪ್ ಪಾಲಿಸಿಗೂ ಇಷ್ಟು ಕಂತು ಇರುವುದಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐನದ್ದೇ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇದೆ. ಅದೇ ಊರಿನಲ್ಲಿ ಅವರ ಹೆಂಡತಿ ಖಾಸಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರು. ಇವರು ಸಾಲಕ್ಕೆ ಅಲೆಯುತ್ತಿದ್ದರು. ಅದನ್ನು ಅವರಿಗೆ ಹೇಳುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹೇಳಿದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇಎಸ್‌ಐ ಎಂದರೆ ಕಾರ್ಖಾನೆಯವರದ್ದು, ಹಳೆಯ ಕಾಲದ್ದು ಎಂಬ ಭಾವನೆ ನಮ್ಮ ಐಟಿ ಮಂದಿಗೆ ಇದೆ. ಹಳೆಯದು ಹೌದು. 1943ರಲ್ಲಿ ಸರ್ಕಾರ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೇಳಿತು. 1944ರಲ್ಲಿ ಅವರು ಕೊಟ್ಟ ವರದಿಯೇ ಬುನಾದಿ. 1948ರಲ್ಲಿ ಕಾಯ್ದೆ ಬಂತು, 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಈಗ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ನೌಕರನ ಪಾಲು ಶೇ 0.75, ಮಾಲೀಕರದ್ದು ಶೇ 3.25. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಚೇರಿ, ಅಂಗಡಿ, ಹೋಟೆಲುಗಳಿಗೂ ಅನ್ವಯ. ಅಂದರೆ ನಮ್ಮ ಟೆಕ್ ಪಾರ್ಕುಗಳೊಳಗೇ ಎಷ್ಟು ಜನ! ಕ್ಯಾಂಟೀನಿನ ಹುಡುಗರು, ಹೌಸ್‌ಕೀಪಿಂಗ್ ಹೆಂಗಸರು, ಕ್ಯಾಬ್ ಚಾಲಕರು, ಹೊಸದಾಗಿ ಸೇರಿದ ಬಿಪಿಓ ಮಕ್ಕಳು.

ನನ್ನ ಕಣ್ಣು ತೆರೆಸಿದ್ದು ಅದರ ವಯಸ್ಸಲ್ಲ. ಅದರ ಕಟ್ಟಡದ ಕೆಳಗಿನ ಮೆಟ್ಟಿಲಲ್ಲೇ ಒಬ್ಬ ಡಾಕ್ಟರ್ ಇದ್ದಾರೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ, ಅದೂ ಒಪಿಡಿಯಿಂದ ಹಿಡಿದು. ಆದಾಯ ತಿಂಗಳಿಗೆ 9,000 ರೂಪಾಯಿ ಮೀರದೆ ಅವನನ್ನೇ ಅವಲಂಬಿಸಿರುವ ತಂದೆತಾಯಿಯೂ ಕುಟುಂಬದಲ್ಲಿ ಸೇರುತ್ತಾರೆ. ಪ್ರತಿಯೊಬ್ಬ ವಿಮಾದಾರನ ಹೆಸರೂ ಒಂದು ಡಿಸ್ಪೆನ್ಸರಿಗೆ ಅಥವಾ ಒಬ್ಬ ವೈದ್ಯರಿಗೆ ಜೋಡಿಸಿರುತ್ತದೆ. ಮಹಾರಾಷ್ಟ್ರದಂಥ ಕೆಲವು ರಾಜ್ಯಗಳಲ್ಲಿ ತಮ್ಮದೇ ಕ್ಲಿನಿಕ್ ಇಟ್ಟುಕೊಂಡಿರುವ ಸಾಮಾನ್ಯ ಡಾಕ್ಟರುಗಳನ್ನೂ ಯೋಜನೆ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಜನ ಇವರನ್ನು ಪ್ಯಾನೆಲ್ ಡಾಕ್ಟರ್ ಎನ್ನುತ್ತಾರೆ. ಇವರಿಗೆ ಹಣ ಸಲ್ಲುವುದು ಭೇಟಿಗೆ ಇಷ್ಟು ಎಂದಲ್ಲ, ಹೆಸರು ನೋಂದಾಯಿಸಿದ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಎಂದು. ಬ್ರಿಟನ್ನಿನಲ್ಲಿ 1911ರ ವಿಮಾ ಕಾಯ್ದೆಯಿಂದ ಬಂದ ಪದ್ಧತಿ ಇದು. ‘ಪ್ಯಾನೆಲ್’ ಎಂಬ ಪದವೂ ಅಲ್ಲಿಯದೇ.

ಅಂದರೆ ನೋಡಿ ಸೋಜಿಗ. ಸರ್ಕಾರಿ ವಿಮೆ ತೆಗೆದುಕೊಳ್ಳುವ ಫ್ಯಾಮಿಲಿ ಡಾಕ್ಟರನ್ನು ಹುಡುಕಿಕೊಂಡು ನಾನು ಮೂರು ಕ್ಲಿನಿಕ್ ಸುತ್ತಿದ್ದೆ. ಅಂಥ ಡಾಕ್ಟರು ಇದ್ದರು. ಆದರೆ 5 ಲಕ್ಷದ ಕಾರ್ಡಿನ ಅಮ್ಮನಿಗೆ ಅಲ್ಲ, ಕಂಪನಿ ಪಾಲಿಸಿಯ ನನಗೂ ಅಲ್ಲ. ಗೇಟಿನಲ್ಲಿ ಕೂತಿದ್ದವರಿಗೆ ಅವರ ಮೇಲೆ ಹಕ್ಕಿತ್ತು. ಆ ಹಕ್ಕಿನ ಸುದ್ದಿ ಮಾತ್ರ ಅವರನ್ನು ಮುಟ್ಟಿರಲಿಲ್ಲ.

ಮುಟ್ಟಿಸುವುದು ಸುಲಭವಾಗಲಿಲ್ಲ. ಹತ್ತಂಕಿಯ ವಿಮಾ ಸಂಖ್ಯೆಯನ್ನು ಏಜೆನ್ಸಿಯಿಂದ ಪಡೆಯಲು ಒಂದು ವಾರ. ಪೋರ್ಟಲಿನಲ್ಲಿ ನೋಡಿದರೆ ಅವರಿಗೆ ಗೊತ್ತುಮಾಡಿದ್ದ ಡಿಸ್ಪೆನ್ಸರಿ ಏಜೆನ್ಸಿಯ ಕಚೇರಿಯ ಹತ್ತಿರದ್ದು, ನಮ್ಮ ವಾಕಡ್‌ನಿಂದ ಎರಡು ಬಸ್ಸು ಬದಲಾಯಿಸಬೇಕು. ಕುಟುಂಬದ ಪಟ್ಟಿ ಖಾಲಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಯಾರ ಹೆಸರನ್ನೂ ಹಾಕಿರಲಿಲ್ಲ. ಎಲ್ಲರ ಆಧಾರ್, ಹೆಂಡತಿ ಮಕ್ಕಳು ಊರಿನಲ್ಲಿರುವುದರಿಂದ ಅಲ್ಲಿಯ ವಿಳಾಸ. ವಿಮಾದಾರ ಒಂದು ಕಡೆ ದುಡಿದು ಕುಟುಂಬ ಬೇರೆ ಕಡೆ ಇದ್ದರೆ, ಬೇರೆ ರಾಜ್ಯದಲ್ಲೇ ಇದ್ದರೂ, ಅವರು ಅಲ್ಲಿಯೇ ಚಿಕಿತ್ಸೆ ಪಡೆಯಬಹುದು. ಇದು ಗೊತ್ತಾದಾಗ ನನಗೆ ಅವರಿಗಿಂತ ಹೆಚ್ಚು ಖುಷಿಯಾಯಿತು. ಹೊರನಾಡಿನಲ್ಲಿ ದುಡಿಯುವ ನಮ್ಮವರ ಬದುಕು ಹೀಗೇ ಎರಡು ಕಡೆ ಹರಿದಿರುವುದು ತಾನೇ? ಏಜೆನ್ಸಿಯ ಎಚ್‌ಆರ್‌ಗೆ ನಾನೇ ಐದಾರು ಸಲ ಫೋನು ಮಾಡಿದೆ. ಇಂಗ್ಲಿಷಿನಲ್ಲಿ ಒಂದು ಇಮೇಲ್ ಹಾಕಿದ ಮೇಲೆ ಕೆಲಸ ಬೇಗ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಇಷ್ಟೆಲ್ಲ ಆಗಿ ನಮ್ಮ ಮನೆಯಿಂದ ಹದಿನೈದು ನಿಮಿಷ ನಡೆಯುವ ದೂರದ ಒಬ್ಬ ಪ್ಯಾನೆಲ್ ಡಾಕ್ಟರಿಗೆ ಅವರ ಹೆಸರು ಜೋಡಿಕೊಂಡಿತು. ಮಾರುಕಟ್ಟೆಯ ಸಂದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆಯ ಕ್ಲಿನಿಕ್. ನನ್ನ ಆಪ್‌ನಲ್ಲಿ ಇವರಿಗೆ ನಕ್ಷತ್ರವೇ ಇರಲಿಲ್ಲ, ಹೆಸರೂ ಇರಲಿಲ್ಲ. ಮೊದಲ ಸಲ ನಾನೂ ಜೊತೆಗೆ ಹೋದೆ. ಅರವತ್ತು ದಾಟಿದ ಡಾಕ್ಟರು. ಸೋಲಾಪುರದವರಾದ್ದರಿಂದ ಕನ್ನಡ ಬರುತ್ತಿತ್ತು. ಕಾವಲುಗಾರರ ಬಿಪಿ ನೋಡಿದರು, 160ರ ಮೇಲಿತ್ತು. ರಾತ್ರಿ ಪಾಳಿ ಎಷ್ಟು ವರ್ಷದಿಂದ, ತಂಬಾಕು ಎಷ್ಟು, ಊಟ ಎಲ್ಲಿ ಎಂದು ಕೇಳುತ್ತಾ ಹೋದರು. ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಅವರು ಬರೆದುಕೊಂಡದ್ದು ಒಂದು ದಪ್ಪ ರಿಜಿಸ್ಟರಿನಲ್ಲಿ. ಮುಂದಿನ ಸಲ ಹೋದಾಗ ಅದೇ ಪುಟ ತೆರೆದರು.

ಹೊರಡುವಾಗ, ನನ್ನ ಅಮ್ಮನನ್ನು ಕರೆತರಬಹುದೇ, ದುಡ್ಡು ಕೊಟ್ಟು ತೋರಿಸುತ್ತೇನೆ ಎಂದು ಕೇಳಿದೆ. ‘ಬರುವಾಗ ಮನೆಯಾಗಿರೋ ಗುಳಿಗಿ ಎಲ್ಲಾ ತರ್ರಿ. ಚೀಟಿ ಬ್ಯಾಡ, ಗುಳಿಗಿ ತರ್ರಿ’ ಎಂದರು.

ವಾಕರ್ ಹಿಡಿದು ಅಮ್ಮ ಆ ಮೆಟ್ಟಿಲು ಹತ್ತಲು ಹತ್ತು ನಿಮಿಷ ಹಿಡಿಯಿತು. ಡಾಕ್ಟರು ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಮಾತ್ರೆಯ ಹಾಳೆಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಸಾಲಾಗಿ ಜೋಡಿಸಿದರು. ಎರಡನ್ನು ಎತ್ತಿ ಪಕ್ಕಕ್ಕಿಟ್ಟರು. ಒಂದು ಹಿರಿಯೂರಿನಲ್ಲಿ ಬರೆದದ್ದು, ಅಮ್ಮ ಬಿಡದೆ ನುಂಗುತ್ತಿದ್ದದ್ದು. ಇನ್ನೊಂದು ಪುಣೆಗೆ ಬಂದ ಮೇಲೆ ನಾನು ತೋರಿಸಿದ ಫಿಸಿಷಿಯನ್ ಬರೆದದ್ದು. ಹೆಸರು ಬೇರೆ, ಕಂಪನಿ ಬೇರೆ, ಬಣ್ಣವೂ ಬೇರೆ. ‘ಆಯಿ, ಇವೆರಡೂ ಒಂದೇ ಔಷಧ.’ ಅಮ್ಲೊಡಿಪಿನ್. ರಕ್ತದೊತ್ತಡ ಇಳಿಸುವ ಒಂದೇ ಮಾತ್ರೆಯನ್ನು ಅಮ್ಮ ಎರಡು ಹೆಸರಿನಲ್ಲಿ, ಬೆಳಿಗ್ಗೆ ಒಂದು ರಾತ್ರಿ ಒಂದು, ಎಂಟು ತಿಂಗಳಿಂದ ನುಂಗುತ್ತಿದ್ದರು. ಕಾಲು ಊದುವುದು ಆ ಔಷಧದ ಗೊತ್ತಿರುವ ಅಡ್ಡಪರಿಣಾಮ. ಪ್ರಮಾಣ ಹೆಚ್ಚಾದರೆ ಒತ್ತಡ ಕುಸಿದು ತಲೆಸುತ್ತು ಬರುವುದೂ ಹೌದು.

ಅಮ್ಮ ಬಿದ್ದದ್ದು ಅದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ನಾನು ಕೇಳಿದೆ. ‘ಈಗ ಹ್ಯಾಂಗ ಹೇಳೋದು?’ ಎಂದು ಬಿಟ್ಟರು. ಒಂದು ಹಾಳೆಯನ್ನು ಕತ್ತರಿಸಿ ಬುಟ್ಟಿಗೆ ಹಾಕಿದರು. ಫೀಸು 150 ರೂಪಾಯಿ.

ಯಾರನ್ನು ದೂರಲಿ? ಹಿರಿಯೂರಿನವರು ತಮ್ಮ ಮಾತ್ರೆ ಸರಿಯಾಗಿಯೇ ಬರೆದಿದ್ದರು. ಪುಣೆಯವರೂ ಸರಿಯಾಗಿಯೇ ಬರೆದಿದ್ದರು. ಆಸ್ಪತ್ರೆ ಮೂಳೆಯನ್ನು ಸರಿಯಾಗಿ ಕೂಡಿಸಿತು. ಇವರೆಲ್ಲರ ನಡುವಿನ ಜಾಗದಲ್ಲಿ ಯಾರೂ ಇರಲಿಲ್ಲ, ಆ ಜಾಗಕ್ಕೆ ಯಾವ ಕಾರ್ಡೂ ಹಣ ಕೊಡುವುದಿಲ್ಲ. ನನ್ನ ವೃತ್ತಿಯಲ್ಲಾದರೆ ಸರ್ವರ್ ಬಿದ್ದ ಮೇಲೆ ಎಬ್ಬಿಸುವ ತಂಡಕ್ಕಿಂತ, ಬೀಳದಂತೆ ದಿನವಿಡೀ ನಿಗಾ ಇಡುವ ತಂಡಕ್ಕೇ ಹೆಚ್ಚು ಜನರನ್ನು ಇಡುತ್ತೇವೆ. ಬಿದ್ದರೆ ಎಷ್ಟು ಖರ್ಚು ಎಂದು ಲೆಕ್ಕ ಹಾಕಿಯೇ ಇಡುತ್ತೇವೆ, ದಾನಕ್ಕಲ್ಲ.

ಸರ್ಕಾರದ ಲೆಕ್ಕವೂ ಇದನ್ನೇ ಹೇಳುತ್ತದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು ಶೇ 39.4. 2014-15ರಲ್ಲಿ ಇದು ಶೇ 62.6 ಇತ್ತು, ಇಳಿದಿರುವುದು ನಿಜ. ಉಳಿದಿರುವ ಈ ಪಾಲಿನಲ್ಲಿ ಔಷಧದ ಅಂಗಡಿಯ ಬಿಲ್ಲು, ಕ್ಲಿನಿಕ್ಕಿನ ಫೀಸು, ರಕ್ತಪರೀಕ್ಷೆ ಇವೇ ದೊಡ್ಡವು. ಹಾಸಿಗೆಯ ಕಾರ್ಡು ಎಷ್ಟು ದೊಡ್ಡದಾದರೂ ಇವನ್ನು ಮುಟ್ಟುವುದಿಲ್ಲ.

ಆಯುಷ್ಮಾನ್ ಭಾರತ್‌ಗೆ ಎರಡು ಕಾಲುಗಳಿವೆ, ವಿಮೆ ಅದರಲ್ಲೊಂದು, ಇನ್ನೊಂದು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯುವ ಪ್ರಾಥಮಿಕ ಕೇಂದ್ರಗಳು, ಡಾಕ್ಟರು ಅಲ್ಲಿ ಸಿಗುತ್ತಾರೆ ಎಂದು ಬಲ್ಲವರು ಹೇಳುತ್ತಾರೆ. ಒಪ್ಪುತ್ತೇನೆ. ನಾವಿರುವ ಒಂದೊಂದು ನಗರದಲ್ಲೂ ಇಂಥದ್ದು ಏನಾದರೂ ಇದೆ. ದೆಹಲಿಯಲ್ಲಿ 2015ರಲ್ಲಿ ಮೊಹಲ್ಲಾ ಕ್ಲಿನಿಕ್ ಶುರುವಾದವು, ಹೈದರಾಬಾದಿನಲ್ಲಿ 2018ರಲ್ಲಿ ಬಸ್ತಿ ದವಾಖಾನಾ, ಮುಂಬೈಯಲ್ಲಿ 2022ರಲ್ಲಿ ಆಪಲಾ ದವಾಖಾನಾ. ನಮ್ಮ ರಾಜ್ಯದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಕ್ಲಿನಿಕ್. ತಮಿಳುನಾಡು 2021ರಿಂದ ಬಿಪಿ, ಸಕ್ಕರೆಯ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುತ್ತಿದೆ. ಅದು ಆರಂಭವಾದದ್ದು ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿ. ಇವೆಲ್ಲ ಒಳ್ಳೆಯವೇ, ಬಳಸಲು ಹಿಂಜರಿಯಬೇಕಾಗಿಲ್ಲ. ನಮ್ಮ ಮನೆಕೆಲಸದವರಿಗೆ ಇಎಸ್‌ಐ ಇಲ್ಲ, ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂಥವರಿಗೆ ಇವೇ ಗತಿ. ಆದರೆ ನಮ್ಮ ಕ್ಲಿನಿಕ್‌ನ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ದಿನಗೂಲಿಯವನು ಕೂಲಿ ಕಳೆದುಕೊಂಡು ಹೋಗಬೇಕು. ಮೇಲಾಗಿ, ಗುತ್ತಿಗೆಯ ಡಾಕ್ಟರು ಬದಲಾದರೆ ರೋಗಿಯ ಕಥೆ ಮತ್ತೆ ಮೊದಲಿನಿಂದ. ಅಲ್ಲಿ ಡಾಕ್ಟರು ಇದ್ದಾರೆ. ‘ನಮ್ಮ ಡಾಕ್ಟರು’ ಇರುವುದು ಕಷ್ಟ.

ಇಎಸ್‌ಐನ ಈ ಹಳೆಯ ಪದ್ಧತಿಯನ್ನು ಆಯುಷ್ಮಾನ್‌ಗೂ ತರಬೇಕು ಎನ್ನುವುದು ನನ್ನ ವಾದ. ಎಲ್ಲರಿಗೂ ಒಮ್ಮೆಲೇ ಬೇಡ, 70 ದಾಟಿದವರಿಂದ ಶುರುಮಾಡಲಿ. ಕಾರ್ಡು ಮಾಡಿಸುವಾಗಲೇ ಮನೆ ಹತ್ತಿರದ ಒಬ್ಬ ಡಾಕ್ಟರನ್ನು ಆರಿಸಿಕೊಳ್ಳಲಿ, ಅವರಿಗೆ ವರ್ಷಕ್ಕೆ ತಲೆಗಿಷ್ಟು ಎಂದು ಸರ್ಕಾರ ಕೊಡಲಿ, ಊರು ಬದಲಾಯಿಸಿದರೆ ಡಾಕ್ಟರನ್ನೂ ಬದಲಾಯಿಸಲು ಬಿಡಲಿ. ತಲೆಗಿಷ್ಟು ಎಂದರೆ ಡಾಕ್ಟರು ದುಡ್ಡು ತೆಗೆದುಕೊಂಡು ರೋಗಿಯನ್ನು ಬೇಗ ಸಾಗಹಾಕುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾಗಹಾಕುವವರು ಇದ್ದೇ ಇರುತ್ತಾರೆ. ಮೊತ್ತ ತೀರ ಕಡಿಮೆಯಾದರೆ ಒಳ್ಳೆಯ ಡಾಕ್ಟರು ಪಟ್ಟಿಗೆ ಬರುವುದೂ ಇಲ್ಲ. ಆದರೆ ಭೇಟಿಗಿಷ್ಟು ಎಂಬ ಈಗಿನ ಪದ್ಧತಿಯಲ್ಲಿ ಹತ್ತು ನಿಮಿಷ ಕೂತು ಮಾತ್ರೆ ಜೋಡಿಸುವವರಿಗೆ ಏನು ಸಿಗುತ್ತಿದೆ? ನಾನು ನೋಡಿದ ಹಾಗೆ, ತಲೆಗಿಷ್ಟು ಎಂಬ ಲೆಕ್ಕದ ಡಾಕ್ಟರಿಗೆ ರಿಜಿಸ್ಟರ್ ಇಡುವುದರಲ್ಲಿ ಅರ್ಥವಿದೆ.

ಡಾಕ್ಟರಿಗೆ ದಾಖಲೆ ತಲುಪಿಸುವ ಮಾತು ಬಂದಾಗಲೆಲ್ಲ ಆಭಾ ಕಾರ್ಡಿನ ಹೆಸರು ಬರುತ್ತದೆ. ಇದರ ಬಗ್ಗೆ ಒಂದು ಗೊಂದಲ ಬಿಡಿಸಬೇಕು, ಏಕೆಂದರೆ ಹಿರಿಯರ ವಾಟ್ಸ್ಯಾಪ್ ಗುಂಪುಗಳಲ್ಲಿ ಆಭಾವನ್ನೂ ಆಯುಷ್ಮಾನ್ ಕಾರ್ಡನ್ನೂ ಒಂದೇ ಎಂದು ಹಂಚುತ್ತಿರುತ್ತಾರೆ. ಆಭಾ ಎಂದರೆ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ, ದಾಖಲೆಗಳನ್ನು ಜೋಡಿಸಿಡಲು. ಅದರಲ್ಲಿ ಒಂದು ಪೈಸೆಯ ವಿಮೆ ಇಲ್ಲ. ನಮ್ಮ ಮಹಡಿಯ ಹಿರಿಯರೊಬ್ಬರು ಆಭಾ ಕಾರ್ಡು ಹಿಡಿದು ಆಸ್ಪತ್ರೆಗೆ ಹೋಗಿ ವಾಪಸ್ ಬಂದಿದ್ದರು. ನಿಮ್ಮ ಅಪ್ಪ ಅಮ್ಮನ ಕೈಯಲ್ಲಿ ಇರುವುದು ಯಾವುದು ಎಂದು ಇವತ್ತೇ ಒಮ್ಮೆ ನೋಡಿ. ಅನುಮಾನವಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕೇಳಬಹುದು.

ತಂದೆಯೋ ತಾಯಿಯೋ ಕೇಂದ್ರ ಸರ್ಕಾರದ ನಿವೃತ್ತರಾಗಿದ್ದರೆ ನಿಮ್ಮ ದಾರಿ ಇನ್ನೂ ಸಲೀಸು. ಸಿಜಿಎಚ್‌ಎಸ್ 1954ರಿಂದ ಇದೆ, ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲ ಕಡೆ ಅದರ ವೆಲ್‌ನೆಸ್ ಕೇಂದ್ರಗಳಿವೆ, ಡಾಕ್ಟರು, ಮಾತ್ರೆ ಎರಡೂ ಅಲ್ಲೇ. ಕೇಂದ್ರವಿಲ್ಲದ ಊರಿನಲ್ಲಿದ್ದಾಗ ಪಿಂಚಣಿಯ ಜೊತೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ತೆಗೆದುಕೊಳ್ಳುತ್ತಿದ್ದವರು, ನಿಮ್ಮ ನಗರಕ್ಕೆ ಬಂದಾಗ ಅದನ್ನು ಬಿಟ್ಟು ಒಪಿಡಿ ಸೌಲಭ್ಯ ಪಡೆಯುವ ಬಗ್ಗೆ ವಿಚಾರಿಸಿ. ಸಿಜಿಎಚ್‌ಎಸ್ ಇದ್ದವರು ವಯ ವಂದನಾ ಬೇಕೆಂದರೆ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಇಎಸ್‌ಐ ಅಥವಾ ಖಾಸಗಿ ಪಾಲಿಸಿ ಇದ್ದವರಿಗೆ ಈ ತಾಪತ್ರಯ ಇಲ್ಲ.

ಉಳಿದ ನಮ್ಮಂಥವರು ಸದ್ಯಕ್ಕೆ ದುಡ್ಡು ಕೊಟ್ಟೇ ಒಬ್ಬ ಡಾಕ್ಟರನ್ನು ಇಟ್ಟುಕೊಳ್ಳಬೇಕು. ಅಂಥವರನ್ನು ನಾನು ಆಪ್‌ನಲ್ಲಿ ಹುಡುಕಿ ಸೋತೆ. ಹಳೆಯ ಬಡಾವಣೆಯ ಔಷಧದ ಅಂಗಡಿಯವರನ್ನು ಕೇಳಿದ್ದರೆ ಮೊದಲೇ ಸಿಗುತ್ತಿದ್ದರೇನೋ. ಪ್ರತಿ ನಗರದ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವಷ್ಟು ಮುತುವರ್ಜಿಯಿಂದ, ಕನ್ನಡ ಅರ್ಥವಾಗುವ ಸಾಮಾನ್ಯ ಡಾಕ್ಟರುಗಳ ಮತ್ತು ಆಯಾ ಬಡಾವಣೆಯ ಇಎಸ್‌ಐ ಡಿಸ್ಪೆನ್ಸರಿಗಳ ಒಂದು ಪಟ್ಟಿ ಮಾಡಬಹುದು. ಆರ್ಕೆಸ್ಟ್ರಾ ಬೇಡ ಎನ್ನುತ್ತಿಲ್ಲ, ನಾನೂ ಕುಣಿದವನೇ.

ಮತ್ತೊಂದು ಕೆಲಸ ಇನ್ನೂ ಸಣ್ಣದು. ನಿಮ್ಮ ಗೇಟಿನ ಕಾವಲುಗಾರರು, ಕಚೇರಿಯ ಕ್ಯಾಂಟೀನಿನವರು ಕನ್ನಡದವರಾಗಿದ್ದರೆ, ಅಲ್ಲದಿದ್ದರೂ ಸರಿ, ಅವರ ಸಂಬಳದ ಚೀಟಿಯನ್ನು ಒಮ್ಮೆ ಕೇಳಿ ನೋಡಿ. ಇಎಸ್‌ಐ ಎಂಬ ಸಾಲು ಇದ್ದರೆ, ಡಿಸ್ಪೆನ್ಸರಿ ಯಾವುದು, ಕುಟುಂಬದ ಹೆಸರುಗಳು ಸೇರಿವೆಯೇ ಎಂಬ ಎರಡು ಪ್ರಶ್ನೆ ಸಾಕು. ಕಾಯಿಲೆ ಬಿದ್ದು ರಜೆ ಹಾಕಿದರೆ, ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿದ್ದಲ್ಲಿ, ಸಂಬಳದ ಶೇ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ ಎಂಬುದನ್ನೂ ಹೇಳಿ. ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದು ಕಾವಲುಗಾರರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಏಳು ಜನರ ಕುಟುಂಬದ ಪಟ್ಟಿ ಖಾಲಿಯಿತ್ತು.

ಶಹಾಪುರದವರ ನಲವತ್ತು ಸಾವಿರದ ಸಾಲ ಹಾಗೇ ಇದೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಅವರ ಬಿಪಿ 140ಕ್ಕೆ ಇಳಿದಿದೆ. ಈ ಬುಧವಾರ ಅವರಿಗೆ ಹಗಲು ಪಾಳಿ ಇಲ್ಲ. ಅಮ್ಮನ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶ ತೋರಿಸುವ ದಿನವೂ ಅದೇ. ನನಗೆ ಮೀಟಿಂಗ್ ಇದೆ ಎಂದೆ. ‘ನೀ ಬರೋದು ಬೇಡ, ಅವನ ಜೊತೆಗೇ ಹೋಗಿ ಬರ್ತೀನಿ’ ಎಂದು ಅಮ್ಮ ಮಾತ್ರೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಟ್ಟುಕೊಂಡಿದ್ದಾರೆ.